ಭತ್ಯೆ ನಿಲ್ಲಿಸಿದರೆ ಕೆಲಸ ಸಿಗುತ್ತಾ?

ಪ್ರಶ್ನೆ: ನಮ್ಮದು ದಾವಣಗೆರೆ. ಅಪ್ಪಾಜಿ ಮಂಡಕ್ಕಿ ಭಟ್ಟಿ ನಡೆಸುತ್ತಾರೆ. ತಂಗಿ ಬಿ.ಕಾಂ. ಮುಗಿಸಿ ಯುವನಿಧಿಗೆ ಅರ್ಜಿ ಹಾಕಿದ್ದಳು. ಕೆಲವು ತಿಂಗಳು ಹಣ ಬಂತು. ಆಮೇಲೆ ಅಜ್ಜಿ ಆಸ್ಪತ್ರೆಯಲ್ಲಿದ್ದಾಗ ಸ್ವಯಂ ಘೋಷಣೆ ಕೊಡುವುದು ಮರೆತುಹೋಯಿತು. ಹಣ ನಿಂತಿತು. ‘ನಿಂತಿದ್ದೇ ಒಳ್ಳೇದಾಯ್ತು, ಸುಮ್ನೆ ಕೂತವರಿಗೆ ಯಾಕೆ ಕೊಡಬೇಕು’ ಅಂತಾರೆ ಅಪ್ಪಾಜಿ. ಚಿಕ್ಕಪ್ಪನ ಮಗ ಇಂಗ್ಲೆಂಡಿನಲ್ಲಿದ್ದಾನೆ. ಅಲ್ಲಿ ಕೆಲಸ ಹುಡುಕದವರ ಭತ್ಯೆ ಕತ್ತರಿಸುತ್ತಾರಂತೆ, ಇಲ್ಲೂ ಹಾಗೇ ಮಾಡಬೇಕು ಅನ್ನುವುದು ಅವನ ವಾದ. ನನಗೆ ಯಾಕೋ ಒಪ್ಪಿಗೆಯಾಗುತ್ತಿಲ್ಲ. ಆದರೆ ಅವರ ಮುಂದೆ ವಾದ ಮಾಡಲು ಬರುವುದಿಲ್ಲ. ಕೆಲಸ ಇಲ್ಲದವರಿಗೆ ಹೀಗೆ ಶಿಕ್ಷೆ ಕೊಡುವುದು ನ್ಯಾಯವೇ?

ಉತ್ತರ: ನಾನು ಕಾರ್ಮಿಕ ಕಾನೂನಿನ ವಕೀಲೆ. ದಾವಣಗೆರೆಯ ಕೋರ್ಟು, ಹರಿಹರದ ಕಾರ್ಖಾನೆ ಗೇಟು, ಚಿತ್ರದುರ್ಗದ ಕಚೇರಿಗಳು, ಇವುಗಳ ನಡುವೆಯೇ ನನ್ನ ಓಡಾಟ. ಹಾಗಾಗಿ ನನ್ನ ಉತ್ತರಕ್ಕೂ ಆ ವಾಸನೆ ಇರುತ್ತದೆ.

ಮೊದಲು ಒಂದು ತಮಾಷೆ. ನಮ್ಮಲ್ಲಿ ‘ಸ್ಯಾಂಕ್ಷನ್ ಆಯ್ತು’ ಅಂದರೆ ಹಣ ಮಂಜೂರಾಯಿತು ಅಂತ. ಕಚೇರಿಯಲ್ಲಿ ಪೇಡೆ ಹಂಚುತ್ತಾರೆ. ಇಂಗ್ಲೆಂಡಿನಲ್ಲಿ ನಿರುದ್ಯೋಗಿಗೆ ‘ಸ್ಯಾಂಕ್ಷನ್ ಆಯ್ತು’ ಅಂದರೆ ಅವನ ಹಣ ನಿಂತಿತು ಅಂತ. ನಿಮ್ಮ ಚಿಕ್ಕಪ್ಪನ ಮಗ ಹೇಳುತ್ತಿರುವುದು ಈ ಎರಡನೆಯದನ್ನು.

ನಿಮ್ಮ ಮನೆಯ ವಾದದಲ್ಲಿ ಎರಡು ಬೇರೆ ಬೇರೆ ವಿಷಯ ಕಲಸಿಹೋಗಿವೆ. ಯುವನಿಧಿ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಯೋಜನೆ. ಓದು ಮುಗಿದು 180 ದಿನವಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾದವರಿಗೆ 1500. ಹೆಚ್ಚೆಂದರೆ 2 ವರ್ಷ. ಎಷ್ಟು ಕಡೆ ಅರ್ಜಿ ಹಾಕಿದೆ, ಯಾವ ಸಂದರ್ಶನಕ್ಕೆ ಹೋದೆ ಅಂತ ಇಲ್ಲಿ ಯಾರೂ ಕೇಳುವುದಿಲ್ಲ. ಸ್ವಯಂ ಘೋಷಣೆಯಲ್ಲಿ ಕೇಳುವುದು ಇಷ್ಟೇ: ಇನ್ನೂ ಕೆಲಸ ಸಿಕ್ಕಿಲ್ಲ ತಾನೇ? ಮುಂದೆ ಓದುತ್ತಿಲ್ಲ ತಾನೇ? ಸ್ವಂತ ಉದ್ಯೋಗ ಮಾಡುತ್ತಿಲ್ಲ ತಾನೇ?

ಅಂದರೆ ಇದು ಅರ್ಹತೆಯ ತಪಾಸಣೆ. ಪಿಂಚಣಿದಾರರು ನವೆಂಬರ್ ತಿಂಗಳಲ್ಲಿ ಜೀವಿತ ಪ್ರಮಾಣಪತ್ರ ಕೊಡುತ್ತಾರಲ್ಲ, ಆ ಜಾತಿಯದು. ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ, ನಿಜ. ಆದರೆ ನಿವೃತ್ತ ಮೇಷ್ಟ್ರೊಬ್ಬರು ಜನವರಿಯಲ್ಲಿ ಹೋಗಿ ‘ಬದುಕಿದ್ದೇನಪ್ಪಾ’ ಅಂದರೆ ಬಾಕಿ ಸೇರಿಸಿ ಕೊಡುತ್ತಾರೆ. ಎರಡು ತಿಂಗಳು ಸತ್ತಿದ್ದಿರಿ ಅಂತ ಯಾರೂ ಹೇಳುವುದಿಲ್ಲ. ನಿಮ್ಮ ತಂಗಿಯೂ ಆ ತಿಂಗಳು ನಿರುದ್ಯೋಗಿಯೇ ಆಗಿದ್ದಳು. ಅಜ್ಜಿಯ ಪಕ್ಕ ಕೂತಿದ್ದಕ್ಕೆ ಅವಳಿಗೆ ಕೆಲಸ ಸಿಕ್ಕಿಬಿಡಲಿಲ್ಲ. ಆದ್ದರಿಂದ ‘ಸುಮ್ನೆ ಕೂತಿದ್ದಕ್ಕೆ ನಿಂತಿತು’ ಎಂಬ ಅಪ್ಪಾಜಿಯವರ ಮಾತು ಇಲ್ಲಿಗೆ ಹೊಂದುವುದೇ ಇಲ್ಲ. ನಿಂತಿದ್ದು ಒಂದು ಕ್ಲಿಕ್ ತಪ್ಪಿದ್ದಕ್ಕೆ.

ಇನ್ನು ಇಂಗ್ಲೆಂಡು. ಅಲ್ಲಿಯದು ನಿಜವಾದ ಶಿಕ್ಷೆಯ ಪದ್ಧತಿ. ಯೂನಿವರ್ಸಲ್ ಕ್ರೆಡಿಟ್ ಎಂಬ ಭತ್ಯೆ 2013ರಿಂದ ಜಾರಿಗೆ ಬಂತು. ಪಡೆಯುವವರು ಒಂದು ಒಪ್ಪಂದಕ್ಕೆ ಸಹಿ ಹಾಕಬೇಕು. ವಾರಕ್ಕೆ ಇಷ್ಟು ತಾಸು ಕೆಲಸ ಹುಡುಕುತ್ತೇನೆ, ಕರೆದ ದಿನ ಕಚೇರಿಗೆ ಬರುತ್ತೇನೆ ಅಂತ. ಈ ತಾಸು 35ರವರೆಗೂ ಹೋಗುತ್ತದೆ. ಹುಡುಕುವುದೇ ಒಂದು ನೌಕರಿ ಇದ್ದ ಹಾಗೆ! ತಪ್ಪಿದರೆ, ಸರಿಯಾದ ಕಾರಣವನ್ನೂ ಅವರು ಒಪ್ಪದಿದ್ದರೆ, ಮೂಲ ಭತ್ಯೆ ಪೂರ್ತಿ ಹೋಗುತ್ತದೆ. 25 ದಾಟಿದ ಒಂಟಿ ವ್ಯಕ್ತಿಗೆ 2025-26ರಲ್ಲಿ ಆ ಭತ್ಯೆ ತಿಂಗಳಿಗೆ ಸುಮಾರು 400 ಪೌಂಡ್. ಮನೆ ಬಾಡಿಗೆಯ ಭಾಗ ಬೇರೆ, ಅದನ್ನು ಮುಟ್ಟುವುದಿಲ್ಲ. ಸಿಕ್ಕ ಕೆಲಸವನ್ನು ಕಾರಣವಿಲ್ಲದೆ ಬೇಡ ಅಂದರೆ 91 ದಿನ, ವರ್ಷದೊಳಗೆ ಇನ್ನೊಮ್ಮೆ ಅಂದರೆ 182 ದಿನ. ಹಿಂದೆ ಇದು 3 ವರ್ಷದವರೆಗೂ ಇತ್ತು. 2019ರಲ್ಲಿ ಅವರೇ ಇಳಿಸಿದರು. ತೀರಾ ಕಷ್ಟ ಅಂದವರಿಗೆ ಕಡಿತವಾದ ಹಣದಲ್ಲಿ ನೂರಕ್ಕೆ 60 ಪಾಲು ಕೊಡುತ್ತಾರೆ. ಅದೂ ಸಾಲ, ಮುಂದಿನ ಭತ್ಯೆಯಲ್ಲಿ ಮುರಿದುಕೊಳ್ಳುತ್ತಾರೆ.

ಇಲ್ಲಿ ಒಂದು ವಿಷಯ ನಿಮ್ಮ ಚಿಕ್ಕಪ್ಪನ ಮಗನಿಗೆ ಗೊತ್ತಿರಲಿಕ್ಕಿಲ್ಲ. ಅಲ್ಲಿ ಹಣ ಕಳೆದುಕೊಳ್ಳುವವರಲ್ಲಿ ‘ಕೆಲಸ ಬೇಡ’ ಅಂದವರು ತೀರಾ ಕಡಿಮೆ. ಹತ್ತರಲ್ಲಿ ಸುಮಾರು ಒಂಬತ್ತು ಪ್ರಕರಣ ಭೇಟಿಯ ದಿನ ಕಚೇರಿಗೆ ಹೋಗದೆ ಇದ್ದದ್ದಕ್ಕೆ. ಬಸ್ಸು ತಪ್ಪಿರುತ್ತದೆ, ಮಗುವಿಗೆ ಜ್ವರ ಬಂದಿರುತ್ತದೆ, ಬಂದ ಸಂದೇಶ ನೋಡಿರುವುದಿಲ್ಲ. ಕೆಲವರು ಬೇಕಂತಲೇ ಹೋಗಿರುವುದಿಲ್ಲ, ಅದನ್ನೂ ಒಪ್ಪೋಣ. ಆದರೆ ಸೋಮಾರಿಯನ್ನು ಹಿಡಿಯಲು ಹಾಕಿದ ಬಲೆಯಲ್ಲಿ ಬೀಳುತ್ತಿರುವವರು ಬಹುಪಾಲು ದಿನಾಂಕ ತಪ್ಪಿಸಿಕೊಂಡವರು. ನಿಮ್ಮ ತಂಗಿಯ ಥರದವರು.

ಅಪ್ಪಾಜಿಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಬೆಳಗಿನ ಜಾವ ಎದ್ದು ಒಲೆ ಹಚ್ಚಿ, ಹೊಗೆ ಕುಡಿದು, ಕಾದ ಮರಳಿನ ಮುಂದೆ ನಿಂತು ಮಂಡಕ್ಕಿ ಹುರಿಯುವವರಿಗೆ ‘ಕೆಲಸ ಮಾಡದವನಿಗೂ ಹಣ’ ಅಂದರೆ ಹೊಟ್ಟೆ ಉರಿಯುವುದು ಸಹಜ. ಅವರು ಕಟ್ಟಿದ ತೆರಿಗೆಯಲ್ಲೇ ಆ ಹಣ ಹೋಗುವುದು. ಪಡೆದವನು ತನ್ನ ಕಡೆಯಿಂದ ಏನಾದರೂ ಮಾಡಬೇಕು ಎಂಬ ತತ್ವ ತಪ್ಪಲ್ಲ. ನಮ್ಮ ಕಡೆ ಕಾಯಕದ ಮಾತು ಬರೀ ಮಾತಲ್ಲ, ರಕ್ತದಲ್ಲೇ ಇದೆ. ಕಾಯಕದ ಜೊತೆಗೆ ದಾಸೋಹವೂ ಇದೆ ಅಂತ ನಾನು ಅವರಿಗೆ ನೆನಪಿಸಬಹುದು. ಆದರೆ ಭಟ್ಟಿ ನಡೆಸುವವರಿಗೆ ವಕೀಲರು ಬಂದು ಶರಣರ ಪಾಠ ಹೇಳುವುದು ಸರಿಯಲ್ಲ, ಬಿಡಿ. ನಾನು ನನ್ನ ಕಸುಬಿನ ಮಾತೇ ಹೇಳುತ್ತೇನೆ.

ಕಾರ್ಖಾನೆಯಲ್ಲಿ ಒಬ್ಬ ಕೆಲಸಗಾರನ ಮೇಲೆ ಕಳ್ಳತನದ ಆರೋಪ ಬಂತು ಅನ್ನಿ. ಮಾಲೀಕರು ಅವನನ್ನು ಅಮಾನತು ಮಾಡುತ್ತಾರೆ. ವಿಚಾರಣೆ ಶುರುವಾಗುತ್ತದೆ. ಅಷ್ಟು ದಿನ ಅವನು ಕೆಲಸ ಮಾಡುವುದಿಲ್ಲ. ಸಂಬಳ ಪೂರ್ತಿ ನಿಲ್ಲಿಸಬಹುದಾ? ಇಲ್ಲ. 1946ರ ಸ್ಥಾಯಿ ಆದೇಶಗಳ ಕಾಯ್ದೆಗೆ ಆಮೇಲೆ ಸೇರಿದ 10ಎ ಕಲಂ ಪ್ರಕಾರ ಮೊದಲ 90 ದಿನ ಅರ್ಧ ಸಂಬಳ ಕೊಡಬೇಕಿತ್ತು. ಆಮೇಲೂ ವಿಚಾರಣೆ ಎಳೆದರೆ, ಆ ತಡಕ್ಕೆ ಅವನು ಕಾರಣನಲ್ಲದಿದ್ದರೆ, ಮುಕ್ಕಾಲು. ಇದಕ್ಕೆ ಜೀವನಾಧಾರ ಭತ್ಯೆ ಅನ್ನುತ್ತಾರೆ. ಆ ಕಾಯ್ದೆಯ ಜಾಗಕ್ಕೆ ಬಂದ ಈಗಿನ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೇ ಲೆಕ್ಕ ಇದೆ.

ಯಾಕೆ ಕೊಡಬೇಕು? ಆರೋಪ ಬಂದ ಮಾತ್ರಕ್ಕೆ ಹೊಟ್ಟೆ ಕೇಳುವುದಿಲ್ಲವಲ್ಲ. ಇನ್ನೊಂದು ಕಾರಣ ಇನ್ನೂ ದೊಡ್ಡದು. ಉಣ್ಣಲು ಇಲ್ಲದವನು ತನ್ನ ಪರವಾಗಿ ವಾದ ಮಾಡಲಾರ. ಕೋಲಾರ ಚಿನ್ನದ ಗಣಿಯ ಪ್ರಕರಣ ಇದಕ್ಕೆ ದೊಡ್ಡ ಉದಾಹರಣೆ. ಭಾರತ್ ಗೋಲ್ಡ್ ಮೈನ್ಸ್‌ನ ಭದ್ರತಾ ಅಧಿಕಾರಿ ಕ್ಯಾಪ್ಟನ್ ಪಾಲ್ ಆಂಟನಿ ಅವರನ್ನು 1985ರಲ್ಲಿ ಅಮಾನತು ಮಾಡಿದರು. ಜೀವನಾಧಾರ ಭತ್ಯೆ ಕೊಡಲಿಲ್ಲ. ಅವರು ಕೇರಳದ ಊರಿಗೆ ಹೋಗಿದ್ದರು, ವಿಚಾರಣೆಗೆ ಬರಲು ದುಡ್ಡಿರಲಿಲ್ಲ. ಅವರಿಲ್ಲದೆಯೇ ವಿಚಾರಣೆ ಮುಗಿಸಿ ಕೆಲಸದಿಂದ ತೆಗೆದರು. 1999ರಲ್ಲಿ ಸುಪ್ರೀಂ ಕೋರ್ಟು ಆ ವಜಾವನ್ನು ರದ್ದು ಮಾಡಿತು. ಹಣ ಕೊಡದೆ ಬರಿಗೈ ಮಾಡಿ, ಆಮೇಲೆ ಬರಲಿಲ್ಲ ಅಂತ ಶಿಕ್ಷೆ ಕೊಟ್ಟರೆ ಅದು ವಿಚಾರಣೆಯೇ ಅಲ್ಲ ಎಂಬುದು ಆ ತೀರ್ಪಿನ ತಿರುಳು.

ನನಗೂ ಇಂಥ ಒಂದು ಕೇಸು ಮರೆಯುವುದಿಲ್ಲ. ಊರು, ಕಾರ್ಖಾನೆ ಹೇಳುವುದಿಲ್ಲ. ಅಮಾನತಾದ ಒಬ್ಬರು ವಿಚಾರಣೆಯ ದಿನ ಎರಡು ಗಂಟೆ ತಡವಾಗಿ ಬಂದರು. ಬಸ್ ಚಾರ್ಜು ಉಳಿಸಲು ಅರ್ಧ ದಾರಿ ನಡೆದಿದ್ದರು. ಬಂದಾಗ ಕಡತ ಮುಚ್ಚಿತ್ತು. ‘ಗೈರುಹಾಜರು’ ಅಂತ ಬರೆದಾಗಿತ್ತು. ಅವರ ಭತ್ಯೆಯನ್ನು ತಿಂಗಳುಗಟ್ಟಲೆ ಕೊಡದೆ ಇದ್ದವರೇ ಹಾಗೆ ಬರೆದವರು.

ಈಗ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಕಳ್ಳತನದ ಆರೋಪ ಹೊತ್ತವನಿಗೆ ನಮ್ಮ ಕಾನೂನು ನೋಟಿಸ್ ಕೊಡು, ಅವನ ಮಾತು ಕೇಳು, ಅಲ್ಲಿಯವರೆಗೆ ಅರ್ಧ ಸಂಬಳ ಕೊಡು ಅನ್ನುತ್ತದೆ. ತಪ್ಪು ಸಾಬೀತಾದರೂ ಶಿಕ್ಷೆ ಅತಿಯಾಯಿತು ಅನ್ನಿಸಿದರೆ ಕಡಿಮೆ ಮಾಡುವ ಅಧಿಕಾರ ಕಾರ್ಮಿಕ ನ್ಯಾಯಾಲಯಕ್ಕಿದೆ. ಒಂದು ಭೇಟಿ ತಪ್ಪಿಸಿದ ನಿರುದ್ಯೋಗಿಗೆ? ಇಂಗ್ಲೆಂಡಿನ ಪದ್ಧತಿಯಲ್ಲಿ ಮೂಲ ಭತ್ಯೆ ಸೊನ್ನೆ. ಮೇಲ್ಮನವಿ ಇದೆ, ಆದರೆ ಮೊದಲು ಅದೇ ಇಲಾಖೆಗೆ ಮರುಪರಿಶೀಲನೆ ಕೇಳಬೇಕು, ಆಮೇಲೆ ನ್ಯಾಯಮಂಡಳಿ. ಅಷ್ಟರಲ್ಲಿ ಹಣ ಹೋಗಿರುತ್ತದೆ. ಗೆದ್ದರೆ ವಾಪಸ್ ಬರುತ್ತದೆ, ಸರಿ. ಹಸಿದ ದಿನಗಳು ವಾಪಸ್ ಬರುತ್ತವಾ? ನನಗೆ ಅನ್ಯಾಯ ಕಾಣುವುದು ಇಲ್ಲಿ. ಷರತ್ತು ಹಾಕಿದ್ದರಲ್ಲಿ ಅಲ್ಲ, ತಪ್ಪಿದಾಗ ಮಾಡುವ ರೀತಿಯಲ್ಲಿ.

‘ನ್ಯಾಯ ಬಿಡಿ ಮೇಡಂ, ಕೆಲಸಕ್ಕೆ ಬರುತ್ತಾ ಹೇಳಿ’ ಅಂತ ನಿಮ್ಮ ಚಿಕ್ಕಪ್ಪನ ಮಗ ಕೇಳಬಹುದು. ಕೇಳಲಿ. ಪ್ರಾಮಾಣಿಕವಾಗಿ ಹೇಳುವುದಾದರೆ ಉತ್ತರ ಎರಡು ಥರ ಇದೆ. ಸ್ವಿಟ್ಜರ್ಲೆಂಡಿನ ಅಧ್ಯಯನಗಳಲ್ಲಿ ಶಿಕ್ಷೆಯ ಭಯಕ್ಕೆ ಜನ ಬೇಗ ಭತ್ಯೆಯಿಂದ ಹೊರಬಿದ್ದದ್ದು ಕಂಡಿದೆ. ಆದರೆ ಸಿಕ್ಕ ಕೆಲಸದ ಸಂಬಳ ಕಡಿಮೆಯಾಗಿತ್ತು. ಇನ್ನೂ ಒಂದು ಗಮನಿಸಬೇಕಾದದ್ದು ಇದೆ. ಹಣ ಕತ್ತರಿಸುವ ಮೊದಲು ಕೊಡುವ ಎಚ್ಚರಿಕೆ ಪತ್ರವೂ ಅಲ್ಲಿ ಪರಿಣಾಮ ಮಾಡಿತ್ತು. ಎಚ್ಚರಿಕೆಯೇ ಸಾಕಾಗುವ ಕಡೆ ಕತ್ತರಿ ಯಾಕೆ ಬೇಕು?

ಬ್ರಿಟನ್ನಿನ ಕಥೆ ಇನ್ನೂ ಬೇರೆ. ಅಲ್ಲಿನ ಇಲಾಖೆಯೇ ಒಂದು ಅಧ್ಯಯನ ಮಾಡಿಸಿತು. ಫಲಿತಾಂಶವನ್ನು ಹೊರಗೆ ಬಿಡಲು ಮೊದಲು ಒಪ್ಪಲಿಲ್ಲ. ಕೊನೆಗೆ 2023ರ ಏಪ್ರಿಲ್‌ನಲ್ಲಿ ಪ್ರಕಟವಾಯಿತು. ಯಾಕೆ ಬಚ್ಚಿಟ್ಟಿದ್ದರು ಅಂತ ಓದಿದ ಮೇಲೆ ಗೊತ್ತಾಯಿತು. ಶಿಕ್ಷೆಗೆ ಒಳಗಾದವರು ಸಂಬಳದ ಕೆಲಸಕ್ಕೆ ಸೇರಿದ್ದು ಸರಾಸರಿ ನಿಧಾನವಾಗಿಯೇ. ಸೇರಿದ ಮೇಲೂ ಗಳಿಕೆ ಕಡಿಮೆ. ಇದರಲ್ಲಿ ನನಗೇನೂ ಆಶ್ಚರ್ಯ ಇಲ್ಲ. ಕೆಲಸ ಹುಡುಕಲು ಮೊಬೈಲ್ ಕರೆನ್ಸಿ ಬೇಕು, ಬಸ್ ಚಾರ್ಜು ಬೇಕು, ಇಸ್ತ್ರಿ ಮಾಡಿದ ಒಂದು ಅಂಗಿ ಬೇಕು. ಅದಕ್ಕಿದ್ದ ದುಡ್ಡನ್ನೇ ಕಿತ್ತುಕೊಂಡರೆ ಆಸಾಮಿ ಸಂದರ್ಶನಕ್ಕೆ ಹೋಗುತ್ತಾನಾ, ಕೈಸಾಲಕ್ಕೆ ಅಲೆಯುತ್ತಾನಾ?

ಜರ್ಮನಿಯವರು ಈ ಪ್ರಶ್ನೆಯನ್ನು ತಮ್ಮ ಸಂವಿಧಾನ ನ್ಯಾಯಾಲಯದವರೆಗೂ ಒಯ್ದರು. ಅಲ್ಲಿ ಮೊದಲ ತಪ್ಪಿಗೆ ನೂರಕ್ಕೆ 30, ಎರಡನೆಯದಕ್ಕೆ 60, ಮೂರನೆಯದಕ್ಕೆ ಪೂರ್ತಿ ಕಡಿತ ಇತ್ತು. 2019ರ ನವೆಂಬರ್ 5ರ ತೀರ್ಪು ಹೀಗಿದೆ: ಷರತ್ತು ಹಾಕಬಹುದು, ಕಡಿತವನ್ನೂ ಮಾಡಬಹುದು, ಆದರೆ 30 ದಾಟುವಂತಿಲ್ಲ. ಸರಕಾರ ಕೊಡುತ್ತಿರುವುದು ಬದುಕಲು ಬೇಕಾದ ಕನಿಷ್ಠ ಹಣ. ಅದನ್ನು ಸೊನ್ನೆ ಮಾಡಿದರೆ ಮನುಷ್ಯನ ಘನತೆಗೇ ಕೈ ಹಾಕಿದಂತೆ. ಆ ವ್ಯಕ್ತಿ ದಾರಿಗೆ ಬಂದರೆ ಕಡಿತವೂ ನಿಲ್ಲಬೇಕು, ಕಣ್ಣುಮುಚ್ಚಿ 3 ತಿಂಗಳು ಮುಂದುವರಿಸಬಾರದು ಅಂತಲೂ ಹೇಳಿತು. ಅಂದಿನ ಭತ್ಯೆ ತಿಂಗಳಿಗೆ 424 ಯೂರೊ. 30 ಪಾಲು ಕಳೆದರೂ 297 ಕೈಗೆ ಬರುತ್ತದೆ. ಜರ್ಮನಿಯ ರಾಜಕೀಯದಲ್ಲಿ ಈ ಜಗಳ ಇನ್ನೂ ತಣ್ಣಗಾಗಿಲ್ಲ. ಆದರೆ ಆ ತೀರ್ಪಿನ ಅಳತೆಗೋಲು ನನಗೆ ಸರಿ ಕಾಣುತ್ತದೆ.

ನಮ್ಮ ದೇಶದಲ್ಲೂ ಇಂಥ ಶಿಕ್ಷೆಯ ಕಾನೂನು ಬರೆದಾಗಿತ್ತು, ಗೊತ್ತಾ? ಹೆಚ್ಚಿನವರಿಗೆ ಗೊತ್ತಿಲ್ಲ. 2005ರ ನರೇಗಾ ಕಾಯ್ದೆಯಲ್ಲಿ. ಕೆಲಸ ಕೇಳಿ 15 ದಿನದಲ್ಲಿ ಸರಕಾರ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು ಎಂದಿತ್ತು. ಮೊದಲ 30 ದಿನಕ್ಕೆ ಕೂಲಿಯ ಕಾಲು ಭಾಗಕ್ಕೆ ಕಡಿಮೆಯಿಲ್ಲದಂತೆ, ಆಮೇಲೆ ಅರ್ಧಕ್ಕೆ ಕಡಿಮೆಯಿಲ್ಲದಂತೆ. 2025-26ರಲ್ಲಿ ಕರ್ನಾಟಕದ ಕೂಲಿ ದಿನಕ್ಕೆ 370 ರೂಪಾಯಿ. ಅದರ ಕಾಲು ಭಾಗ ಅಂದರೆ 92 ರೂಪಾಯಿ 50 ಪೈಸೆ. ಇದಕ್ಕೆ ಒಂದು ದಂಡದ ಕಲಂ ಕೂಡ ಇತ್ತು, 9ನೆಯದು. ಕೊಟ್ಟ ಕೆಲಸ ಬೇಡ ಅಂದವನಿಗೆ, ಹೇಳಿ 15 ದಿನವಾದರೂ ಬರದವನಿಗೆ, ಅನುಮತಿ ಇಲ್ಲದೆ ಒಂದು ವಾರಕ್ಕಿಂತ ಜಾಸ್ತಿ ಗೈರಾದವನಿಗೆ 3 ತಿಂಗಳು ಭತ್ಯೆ ಇಲ್ಲ.

ಮೇಲ್ನೋಟಕ್ಕೆ ಇಂಗ್ಲೆಂಡಿನದೇ ಕತೆ ಅನ್ನಿಸುತ್ತದೆ. ಕಲಂ ಪೂರ್ತಿ ಓದಿದರೆ ಬೇರೆ. ಇಲ್ಲಿ ಮೊದಲ ಸರದಿ ಸರಕಾರದ್ದು. ಅದು ಕೆಲಸ ಕೊಟ್ಟ ಮೇಲೆ ತಾನೇ ಬೇಡ ಅನ್ನುವ ಪ್ರಶ್ನೆ? ಇನ್ನೊಂದು, ಭತ್ಯೆ ನಿಂತರೂ ಕೆಲಸ ಕೇಳುವ ಹಕ್ಕು ನಿಲ್ಲುವುದಿಲ್ಲ ಅಂತ ಅದೇ ಕಲಮಿನಲ್ಲಿ ಬರೆದಿತ್ತು. ಮರುದಿನ ಬೆಳಿಗ್ಗೆಯೇ ಪಂಚಾಯಿತಿಗೆ ಹೋಗಿ ‘ಕೆಲಸ ಕೊಡಿ’ ಅನ್ನಬಹುದಿತ್ತು. ಬಾಗಿಲು ತೆರೆದಿಟ್ಟೇ ಶಿಕ್ಷೆ ಕೊಟ್ಟಿದ್ದರು. ಆ ಕಲಂ ಬರೆದವರಿಗೆ ನಾನು ಕೈ ಮುಗಿಯುತ್ತೇನೆ. (ಭತ್ಯೆ ನಿಜವಾಗಿ ಎಷ್ಟು ಜನಕ್ಕೆ ಸಿಕ್ಕಿತು ಅಂತ ಮಾತ್ರ ಕೇಳಬೇಡಿ. ಕೂಲಿಗೆ ಕೇಂದ್ರದ ಹಣ ಬರುತ್ತಿತ್ತು, ಈ ಭತ್ಯೆ ರಾಜ್ಯದ ಕಿಸೆಯಿಂದ ಹೋಗಬೇಕಿತ್ತು. ಯಾವ ರಾಜ್ಯಕ್ಕೂ ಕೊಡುವ ಉತ್ಸಾಹ ಇರಲಿಲ್ಲ.)

ಇಂಗ್ಲೆಂಡಿನ ಪದ್ಧತಿಯನ್ನು ಹಾಗೇ ಎತ್ತಿ ಇಲ್ಲಿಗೆ ತಂದರೆ ಏನಾಗುತ್ತದೆ? ತಿಂಗಳಿಗೆರಡು ಸಲ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗೆ ಬಂದು ಸಹಿ ಹಾಕಿ ಅಂದರು ಅಂತ ಇಟ್ಟುಕೊಳ್ಳಿ. ಪಿ.ಜೆ. ಬಡಾವಣೆಯ ಹುಡುಗನಿಗೆ ಅದು ಬೆಣ್ಣೆ ದೋಸೆ ತಿಂದು ಹೋಗುವ ದಾರಿ. ಜಗಳೂರಿನ ಒಳಹಳ್ಳಿಯ ಹುಡುಗಿಗೆ ಒಂದು ಬಸ್ಸು ತಪ್ಪಿದರೆ ಆ ದಿನವೇ ಹೋಯಿತು. ಮೊಳಕಾಲ್ಮೂರಿನಿಂದ ಚಿತ್ರದುರ್ಗಕ್ಕೆ ಬಂದು ಹೋಗುವುದೂ ಅಷ್ಟೇ. ನಿಯಮ ಒಂದೇ, ಶಿಕ್ಷೆ ಬೀಳುವುದು ಮಾತ್ರ ದೂರದವರಿಗೆ, ಬಡವರಿಗೆ, ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವ ಹೆಣ್ಣುಮಕ್ಕಳಿಗೆ.

ಮತ್ತೆ, ಹುಡುಕು ಅನ್ನುವವರು ಕೆಲಸ ಎಲ್ಲಿದೆ ಅಂತಲೂ ಹೇಳಬೇಕಲ್ವಾ? ದಾವಣಗೆರೆಯನ್ನು ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಮುಚ್ಚಿತು. ಆ ಕೆಲಸಗಾರರು ಸೋಮಾರಿಗಳಾಗಿದ್ದರಾ? ಪಾಳಿ ಸೈರನ್ನಿಗೆ ಗಡಿಯಾರ ಇಟ್ಟುಕೊಳ್ಳುತ್ತಿದ್ದ ಜನ ಅವರು. ಅವರಲ್ಲಿ ಎಷ್ಟೋ ಮಂದಿ ಆಮೇಲೆ ಆಟೊ ಓಡಿಸಿದರು, ಮಂಡಿಪೇಟೆಯಲ್ಲಿ ಮೂಟೆ ಹೊತ್ತರು. ವಾರಕ್ಕೆ 35 ತಾಸು ಹುಡುಕಿಸಿದ್ದರೆ ಅವರಿಗೆ ಗಿರಣಿ ಸಿಗುತ್ತಿತ್ತಾ? ಅಪ್ಪಾಜಿಯವರ ವಯಸ್ಸಿನವರಿಗೆ ಇದು ನೆನಪಿರುತ್ತದೆ. ಕೇಳಿ ನೋಡಿ.

ಹಾಗಂತ ಯಾರಿಗೂ ಏನೂ ಕೇಳಬೇಡಿ ಅಂತ ನಾನು ಹೇಳುತ್ತಿಲ್ಲ. ಕೆಲಸಕ್ಕೆ ಹೋಗುತ್ತಾ ‘ಇಲ್ಲ’ ಅಂತ ಘೋಷಣೆ ಕೊಟ್ಟವನ ಹಣ ವಾಪಸ್ ಪಡೆಯಲಿ, ಅದು ಸುಳ್ಳು. ಹತ್ತಿರದಲ್ಲೇ ಸರಿಯಾದ ಸಂಬಳದ ಕೆಲಸ ಕೊಟ್ಟರೂ ಸುಮ್ನೆ ಬೇಡ ಅಂದರೆ ಸ್ವಲ್ಪ ಕಡಿತ ಆಗಲಿ. ಮೊದಲು ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಒಂದು ನೋಟಿಸ್ ಹೋಗಲಿ, ಅವನ ಉತ್ತರ ಬರಲಿ, ಆಮೇಲೆ ಕೈ ಹಾಕಲಿ. ಅಮಾನತಾದ ಕೆಲಸಗಾರನಿಗೆ ಕೊಡುವಷ್ಟು ಮರ್ಯಾದೆ ಇವನಿಗೂ ಕೊಡಲಿ. ನಾನು ಕೇಳುವುದು ಅಷ್ಟೇ. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಬೇಡ.

ಈಗ ನಿಮ್ಮ ತಂಗಿಯ ವಿಷಯ. ಹಣ ನಿಂತಿದ್ದು ಘೋಷಣೆಯಿಂದಲೇನಾ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಎಷ್ಟೋ ಸಲ ಆಧಾರ್ ಜೋಡಣೆ, ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ಮೂಲಕ ಬರುವ ಹಣ ಯಾವ ಬ್ಯಾಂಕಿಗೆ ಹೋಗಬೇಕು ಎಂಬ ನಮೂದು) ತಪ್ಪಿ ಹಣ ನಿಂತಿರುತ್ತದೆ. ಬ್ಯಾಂಕಿನಲ್ಲಿ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಅದು ಸರಿ ಇದ್ದರೆ, ಸರಕಾರದ ಸೇವಾ ಸಿಂಧು ಜಾಲತಾಣದಲ್ಲಿ ಈಗಿನ ಅವಧಿಯ ಘೋಷಣೆಯನ್ನು ತಡ ಮಾಡದೆ ಕೊಡಲಿ. ಪರದೆಯ ಫೋಟೊ ತೆಗೆದಿಟ್ಟುಕೊಳ್ಳಲಿ. ಆಮೇಲೆ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗೆ ಒಂದು ಪುಟದ ಮನವಿ. ಇಂಥ ತಿಂಗಳು ಅಜ್ಜಿ ಆಸ್ಪತ್ರೆಯಲ್ಲಿದ್ದರು, ಬಿಡುಗಡೆ ಪತ್ರದ ನಕಲು ಇಟ್ಟಿದ್ದೇನೆ, ಆ ಅವಧಿಯಲ್ಲೂ ನನಗೆ ಕೆಲಸ ಇರಲಿಲ್ಲ, ಬಾಕಿ ಪರಿಗಣಿಸಿ ಅಂತ. ಬಾಯಲ್ಲಿ ಹೇಳಿ ಬರಬೇಡಿ. ಎರಡು ಪ್ರತಿ ಒಯ್ದು, ಒಂದಕ್ಕೆ ಮೊಹರು ಹಾಕಿಸಿಕೊಂಡು ಬನ್ನಿ. ಅಜ್ಜಿಯ ಕಾಗದಗಳನ್ನು ಯಾರಾದರೂ ರದ್ದಿಗೆ ಹಾಕುವ ಮೊದಲು ಎತ್ತಿಡಿ.

ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಒಂದೇ ಪ್ರಶ್ನೆ ಕೇಳಿ: ಹಣ ನಿಲ್ಲಿಸಲು ಕಾರಣ ಏನು, ಆ ತೀರ್ಮಾನ ತೆಗೆದುಕೊಂಡವರು ಯಾರು? 2005ರ ಆ ಕಾಯ್ದೆಯ 4ನೇ ಕಲಂ ಪ್ರಕಾರ, ಆಡಳಿತದ ತೀರ್ಮಾನದಿಂದ ತೊಂದರೆಯಾದವರಿಗೆ ಕಾರಣ ತಿಳಿಸುವುದು ಕಚೇರಿಯ ಕರ್ತವ್ಯ. 30 ದಿನದಲ್ಲಿ ಉತ್ತರ ಕೊಡಬೇಕು. ಹಳೇ ಬಾಕಿ ಸಿಕ್ಕೇ ಸಿಗುತ್ತದೆ ಅಂತ ನಾನು ಭರವಸೆ ಕೊಡಲಾರೆ. ಆದರೆ ಕಾರಣ ಲಿಖಿತವಾಗಿ ಕೈಗೆ ಬಂದರೆ ಮುಂದಿನ ಹೆಜ್ಜೆ ಇಡಬಹುದು. ಬಂದ ಮೇಲೆ ಅದರ ನಕಲು ಕಳಿಸಿ, ನೋಡೋಣ. ಮನವಿಯನ್ನು ತಂಗಿಯೇ ಬರೆಯಲಿ, ಅಪ್ಪಾಜಿ ಒಮ್ಮೆ ಓದಲಿ.